ಹತ್ತು ರಾತ್ರಿ, ನಾಲ್ಕು ದ್ವೀಪ: ಎಲ್ಲಿ ಎಷ್ಟು ದಿನ ಉಳಿಯಬೇಕು?

ಪ್ರಶ್ನೆ: ಜುಲೈ ಮಧ್ಯದಲ್ಲಿ ನಾನು, ನನ್ನ ಹೆಂಡತಿ ಮತ್ತು 12 ವರ್ಷದ ಮಗಳು ಗ್ರೀಸ್‌ಗೆ ಹೊರಟಿದ್ದೇವೆ. ಒಟ್ಟು 10 ರಾತ್ರಿ. ಬೆಳಿಗ್ಗೆ ಅಥೆನ್ಸ್‌ನಲ್ಲಿ ಇಳಿಯುತ್ತೇವೆ, ವಾಪಸ್ ವಿಮಾನವೂ ಅಲ್ಲಿಂದಲೇ. ಮೈಕೊನೊಸ್ 2, ಪಾರೊಸ್ 2, ನಾಕ್ಸೊಸ್ 2, ಸ್ಯಾಂಟೊರಿನಿ 3, ಕೊನೆಗೆ ಅಥೆನ್ಸ್ 1 ಅಂತ ಹಾಕಿಕೊಂಡಿದ್ದೇವೆ. ಒಂದನ್ನೂ ಬಿಡಲು ಮನಸ್ಸಿಲ್ಲ. ಈ ಹಂಚಿಕೆ ಸರಿಯಿದೆಯೇ?

ಉತ್ತರ: ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಹೇಳುವುದಿಲ್ಲ. ಎರಡು ದ್ವೀಪ ಬಿಡಿ. ಯಾಕೆ ಅಂತ ನಿಮ್ಮ ಪಟ್ಟಿಯಿಂದಲೇ ತೋರಿಸುತ್ತೇನೆ.

ಒಂದು ಜಾಗದಲ್ಲಿ ಎರಡು ರಾತ್ರಿ ಉಳಿದರೆ ಅಲ್ಲಿ ಎರಡು ದಿನ ಸಿಕ್ಕಿತು ಅನ್ನಿಸುತ್ತದೆ. ಸಿಗುವುದು ಒಂದೇ. ಮೊದಲ ದಿನ ಬಂದು ಸೇರುವುದರಲ್ಲಿ ಕಳೆಯುತ್ತದೆ, ಮೂರನೇ ದಿನ ಹೊರಡುವುದರಲ್ಲಿ. ನಡುವಿನ ದಿನ ಮಾತ್ರ ಪೂರ್ತಿ ನಿಮ್ಮದು. ಹಾಗಾಗಿ ಒಟ್ಟು ರಾತ್ರಿಗಳಿಂದ ಉಳಿಯುವ ಜಾಗಗಳನ್ನು ಕಳೆಯಿರಿ. ನಿಮ್ಮದು 10 ರಾತ್ರಿ, 5 ಜಾಗ. ಪೆಟ್ಟಿಗೆ ಮುಟ್ಟದೆ ಇರುವ ದಿನ ಐದೇ ಐದು. ಅದರಲ್ಲೂ ಎರಡು ಸ್ಯಾಂಟೊರಿನಿಗೆ ಹೋದವು. ಮೈಕೊನೊಸ್, ಪಾರೊಸ್, ನಾಕ್ಸೊಸ್‌ಗೆ ತಲಾ ಒಂದು. ಅಥೆನ್ಸ್‌ಗೆ ಒಂದೂ ಇಲ್ಲ.

"ಪಾರೊಸ್‌ನಿಂದ ನಾಕ್ಸೊಸ್‌ಗೆ ಮುಕ್ಕಾಲು ಗಂಟೆ ತಾನೇ?" ಅಂತ ನೀವು ಕೇಳಬಹುದು. ಹಡಗು ನೀರಿನ ಮೇಲಿರುವ ಹೊತ್ತು ಅಷ್ಟೇ, ನಿಜ. ಆದರೆ ಬೆಳಿಗ್ಗೆ ಪೆಟ್ಟಿಗೆ ಕಟ್ಟಬೇಕು, ಹನ್ನೊಂದರ ಸುಮಾರಿಗೆ ರೂಮು ಬಿಡಬೇಕು, ಬಂದರಿಗೆ ಹೋಗಬೇಕು, ಹಡಗಿಗಾಗಿ ಬಿಸಿಲಲ್ಲಿ ಕಾಯಬೇಕು. ಆ ಕಡೆ ಇಳಿದ ಮೇಲೆ ಹೊಸ ರೂಮು ಸಿಗುವುದು ಎರಡು ಮೂರು ಗಂಟೆಗೆ. ಹಳೇ ರೂಮಿನ ಬಾಗಿಲಿನಿಂದ ಹೊಸ ರೂಮಿನ ಬಾಗಿಲಿಗೆ ನಾಲ್ಕೈದು ಗಂಟೆ ಹಿಡಿಯುತ್ತದೆ. ನೀವು ಇದನ್ನು ನಾಲ್ಕು ಸಲ ಮಾಡಲು ಹೊರಟಿದ್ದೀರಿ. ನಿಮಗಿಬ್ಬರಿಗೆ ಪರವಾಗಿಲ್ಲ ಅನ್ನಿಸಬಹುದು. ಮಗಳಿಗೆ ಮೂರನೇ ಸಲಕ್ಕೇ ಸಾಕಾಗುತ್ತದೆ.

ಇನ್ನೊಂದು ಮಾತು, ಜುಲೈಗೆ ಹೋಗುವವರು ಇದನ್ನು ಕೇಳಲೇಬೇಕು. ಏಜಿಯನ್ ಸಮುದ್ರದ ಮೇಲೆ ಬೇಸಿಗೆಯಲ್ಲಿ ಉತ್ತರದಿಂದ ಒಂದು ಗಾಳಿ ಬೀಸುತ್ತದೆ. ಅದಕ್ಕೆ ಮೆಲ್ಟೆಮಿ ಅನ್ನುತ್ತಾರೆ. ಬಾಲ್ಕನ್ ಕಡೆ ಗಾಳಿಯ ಒತ್ತಡ ಜಾಸ್ತಿ, ಟರ್ಕಿಯ ಕಡೆ ಕಡಿಮೆ. ಆ ವ್ಯತ್ಯಾಸದಿಂದ ಹುಟ್ಟುವ ಒಣ ಗಾಳಿ ಇದು. ಜುಲೈ, ಆಗಸ್ಟ್‌ನಲ್ಲಿ ಇದರ ಜೋರು. ಒಮ್ಮೆ ಹಿಡಿದರೆ ಕೆಲವು ದಿನ ಬಿಡದೆ ಬೀಸುವುದೂ ಉಂಟು. ಮೇಲೆ ಆಕಾಶ ನಿರ್ಮಲವಾಗಿರುತ್ತದೆ, ಮಳೆಯ ಸುಳಿವೂ ಇರುವುದಿಲ್ಲ. ಆದರೂ ಹಡಗು ಹೊರಡುವುದಿಲ್ಲ! ಮೊದಲ ಸಲ ಬಂದವರಿಗೆ ಇದು ಅರ್ಥವೇ ಆಗುವುದಿಲ್ಲ. ಗಾಳಿ ಮಿತಿ ಮೀರಿದರೆ ಬಂದರಿನ ಅಧಿಕಾರಿಗಳೇ ಹಡಗುಗಳನ್ನು ತಡೆಯುತ್ತಾರೆ. ಮೊದಲು ನಿಲ್ಲುವುದು ಪುಟ್ಟ, ವೇಗದ ಕ್ಯಾಟಮರಾನ್‌ಗಳು. ಕಾರು ಲಾರಿ ಹೊರುವ ದೊಡ್ಡ ಫೆರಿಗಳು ಇನ್ನಷ್ಟು ಗಾಳಿ ತಡೆದುಕೊಳ್ಳುತ್ತವೆ. ನಿಧಾನ ಹೌದು, ಆದರೆ ಅಲುಗಾಟ ಕಡಿಮೆ, ಹೊರಗೆ ಡೆಕ್ ಮೇಲೆ ನಿಂತು ದ್ವೀಪಗಳು ಹತ್ತಿರ ಬರುವುದನ್ನು ನೋಡಬಹುದು. ನನ್ನ ಮಟ್ಟಿಗೆ ಆ ನಾಲ್ಕೈದು ಗಂಟೆಯೂ ಪ್ರವಾಸವೇ. ನಾನು ಯಾವಾಗಲೂ ದೊಡ್ಡ ಫೆರಿಯನ್ನೇ ಹೇಳುವುದು.

ನಾಲ್ಕು ಸಲ ಜಾಗ ಬದಲಿಸುವ ಯೋಜನೆಯಲ್ಲಿ ಒಂದು ಹಡಗು ತಪ್ಪಿದರೂ ಮುಂದಿನ ರೂಮು, ಮುಂದಿನ ಟಿಕೆಟ್ಟು ಎಲ್ಲ ಸಾಲಾಗಿ ಕೆಡುತ್ತವೆ. ನಿಮ್ಮ ಪಟ್ಟಿಯಲ್ಲಿ ನನಗೆ ಜಾಸ್ತಿ ಭಯ ಹುಟ್ಟಿಸಿದ್ದು ಅಥೆನ್ಸ್‌ನ ಆ ಒಂದೇ ರಾತ್ರಿ. ಸ್ಯಾಂಟೊರಿನಿಯಲ್ಲಿ ಒಂದು ದಿನ ಸಿಕ್ಕಿಹಾಕಿಕೊಂಡರೆ ಊರಿಗೆ ಮರಳುವ ವಿಮಾನವೇ ಕೈತಪ್ಪಬಹುದು.

ನಾನಾದರೆ ಹೀಗೆ ಹಂಚುತ್ತೇನೆ: ನಾಕ್ಸೊಸ್ 5, ಸ್ಯಾಂಟೊರಿನಿ 3, ಅಥೆನ್ಸ್ 2. ಮೂರೇ ಜಾಗ, ಏಳು ಪೂರ್ತಿ ದಿನ. ಬೆಳಿಗ್ಗೆ ಬೇಗ ಇಳಿಯುವುದಾದರೆ ವಿಮಾನ ನಿಲ್ದಾಣದಿಂದ ಮೆಟ್ರೊದಲ್ಲಿ ಸುಮಾರು ಒಂದು ಗಂಟೆಗೆ ಪಿರೇಯಸ್ ಬಂದರು. ಸಂಜೆಯ ಫೆರಿ ಹಿಡಿಯಿರಿ, ಮಧ್ಯಾಹ್ನದ್ದಕ್ಕೆ ಓಡಬೇಡಿ. ವಿಮಾನ ತಡವಾದರೂ ಆಗ ಸಮಯ ಇರುತ್ತದೆ. ಅಷ್ಟು ದೂರದ ವಿಮಾನದ ಮೇಲೆ ಮತ್ತೆ ಹಡಗು ಬೇಡ ಅನ್ನಿಸಿದರೆ ಮೊದಲ ರಾತ್ರಿ ಅಥೆನ್ಸ್‌ನಲ್ಲೇ ಮಲಗಿ, ನಾಕ್ಸೊಸ್ 4 ಮಾಡಿ. ಒಂದು ದಿನ ಕಮ್ಮಿಯಾಗುತ್ತದೆ, ನಿದ್ದೆ ಸಿಗುತ್ತದೆ.

ನಾಕ್ಸೊಸ್‌ಗೆ ಐದು ರಾತ್ರಿ ಯಾಕೆ? ನಿಮ್ಮ ಪಟ್ಟಿಯ ನಾಲ್ಕೂ ದ್ವೀಪಗಳು ಸೇರಿರುವ ಸಿಕ್ಲೇಡ್ಸ್ ಗುಂಪಿನಲ್ಲೆಲ್ಲ ದೊಡ್ಡದು ಇದೇ. ಪಶ್ಚಿಮದ ದಡದಲ್ಲಿ ಅಗಿಯೊಸ್ ಪ್ರೊಕೊಪಿಯೊಸ್, ಅಗಿಯಾ ಅನ್ನಾ, ಪ್ಲಾಕಾ ಅಂತ ಮರಳಿನ ಬೀಚುಗಳು ಒಂದರ ಪಕ್ಕ ಒಂದು. ಪಟ್ಟಣದಿಂದ ನಡೆದೇ ಹೋಗಬಹುದಾದ ಅಗಿಯೊಸ್ ಯೊರ್ಗಿಯೊಸ್ ಬೀಚಿನಲ್ಲಿ ನೀರು ತುಂಬ ದೂರದವರೆಗೆ ಆಳವಿಲ್ಲ, ಮಗಳನ್ನು ಧೈರ್ಯವಾಗಿ ಬಿಡಬಹುದು. ಒಂದು ದಿನ ಬೆಟ್ಟದ ಕಡೆ ಹೋಗಿ. ಹಾಲ್ಕಿ, ಅಪೆರಾಂಥೊಸ್ ಹಳ್ಳಿಗಳ ಕಲ್ಲುಹಾಸಿನ ಓಣಿಗಳಲ್ಲಿ ಗಾಳಿಯ ಕಾಟವೂ ಕಮ್ಮಿ. ಬಂದರಿನ ಪಕ್ಕದಲ್ಲೇ ಪೋರ್ಟಾರಾ ಇದೆ. ಕ್ರಿಸ್ತಪೂರ್ವ 6ನೇ ಶತಮಾನದಲ್ಲಿ ಶುರುವಾಗಿ ಮುಗಿಯದೇ ಉಳಿದ ದೇವಾಲಯದ ಅಮೃತಶಿಲೆಯ ಬಾಗಿಲು. ಸಂಜೆ ಅಲ್ಲಿ ಕುಳಿತುಕೊಳ್ಳಲು ಯಾವ ಯೋಜನೆಯೂ ಬೇಡ, ಸುಮ್ನೆ ನಡೆದು ಹೋದರಾಯಿತು.

ಪಾರೊಸ್ ಬಿಡಲು ಮನಸ್ಸಿಲ್ಲದಿದ್ದರೆ ನಾಕ್ಸೊಸ್‌ನಿಂದ ಬೆಳಿಗ್ಗೆ ಹೋಗಿ ಸಂಜೆ ಬನ್ನಿ. ಪೆಟ್ಟಿಗೆ ರೂಮಲ್ಲೇ ಇರಲಿ. ಮೈಕೊನೊಸ್‌ಗೆ ಹೋಗುವ ದೊಡ್ಡ ಕಾರಣ ಪಕ್ಕದ ಡೆಲೊಸ್ ಅಲ್ವಾ? ಜನವಸತಿ ಇಲ್ಲದ, ಪ್ರಾಚೀನ ಅವಶೇಷಗಳೇ ತುಂಬಿರುವ ಪುಟ್ಟ ದ್ವೀಪ ಅದು. ಬೇಸಿಗೆಯಲ್ಲಿ ನಾಕ್ಸೊಸ್‌ನಿಂದಲೂ ಅಲ್ಲಿಗೆ ದಿನದ ಪ್ರವಾಸದ ದೋಣಿ ಹೊರಡುತ್ತದೆ. ಟಿಕೆಟ್ಟನ್ನು ಊರಿಂದಲೇ ಕಾದಿರಿಸಬೇಡಿ. ನಾಕ್ಸೊಸ್‌ಗೆ ಹೋದ ಮೇಲೆ ಗಾಳಿಯ ಮುನ್ಸೂಚನೆ ನೋಡಿ, ಶಾಂತವಾದ ದಿನ ಆರಿಸಿಕೊಳ್ಳಿ.

ಸ್ಯಾಂಟೊರಿನಿಗೆ ಮೂರು ರಾತ್ರಿ ಸಾಕು. ಕ್ರೂಸ್ ಹಡಗಿನವರು ಊರು ತುಂಬುವುದು ಹಗಲು ಹೊತ್ತಿನಲ್ಲಿ. ಫಿರಾ ಪಟ್ಟಣದಿಂದ ಓಯಾ ಊರಿಗೆ ಸುಮಾರು 10 ಕಿಲೋಮೀಟರ್ ಕಾಲುದಾರಿಯನ್ನು ಬೆಳಗಿನ ಜಾವವೇ ನಡೆಯಿರಿ. ನೆತ್ತಿ ಸುಡುವ ಮಧ್ಯಾಹ್ನಕ್ಕೆ ಅಕ್ರೊತಿರಿ ಇಟ್ಟುಕೊಳ್ಳಿ. ಸುಮಾರು 3,600 ವರ್ಷದ ಹಿಂದೆ ಜ್ವಾಲಾಮುಖಿಯ ಬೂದಿಯಲ್ಲಿ ಮುಚ್ಚಿಹೋದ ಊರು ಅದು. ಈಗ ಇಡೀ ಜಾಗಕ್ಕೆ ಚಾವಣಿ ಹಾಕಿದ್ದಾರೆ, ನೆರಳಲ್ಲೇ ನೋಡಬಹುದು. ಅಲ್ಲಿಂದ ಅಥೆನ್ಸ್‌ಗೆ ಹಡಗೂ ಇದೆ, ಮುಕ್ಕಾಲು ಗಂಟೆಯ ವಿಮಾನವೂ ಇದೆ. ಅದಕ್ಕೇ ಸ್ಯಾಂಟೊರಿನಿಯನ್ನು ಕೊನೆಯ ದ್ವೀಪವಾಗಿ ಇಟ್ಟಿದ್ದು. ಒಂದು ಕೈಕೊಟ್ಟರೆ ಇನ್ನೊಂದಿದೆ.

ಪ್ರಶ್ನೆ: ಹವಾಯಿಯಲ್ಲಿ 9 ರಾತ್ರಿ ಇದ್ದೇವೆ. ಒವಾಹು, ಮಾವಿ, ಕವಾಯಿ, ಬಿಗ್ ಐಲ್ಯಾಂಡ್ ನಾಲ್ಕೂ ನೋಡಬೇಕು. ನಡುವಿನ ವಿಮಾನಗಳು ಮುಕ್ಕಾಲು ಗಂಟೆಯವು, ಹಾಗಾಗಿ ಕಷ್ಟವಾಗದು ಅಂದುಕೊಂಡಿದ್ದೇವೆ. ಕೊನೆಯ ರಾತ್ರಿ ಬಿಗ್ ಐಲ್ಯಾಂಡ್‌ನ ಕೋನಾದಲ್ಲಿ ಮಾಂಟಾ ರೇ ಮೀನುಗಳ ಜೊತೆ ಸ್ಕೂಬಾ ಡೈವ್ ಮಾಡಿ ಮರುದಿನ ಬೆಳಿಗ್ಗೆ ಹೊರಡುತ್ತೇವೆ.

ಉತ್ತರ: ಮೊದಲು ಕೊನೆಯ ಸಾಲಿನ ಬಗ್ಗೆ ಹೇಳಬೇಕು, ಅದು ನಿಮ್ಮ ಜೀವದ ಮಾತು. ಸ್ಕೂಬಾ ಮಾಡಿದ ಮರುದಿನ ಬೆಳಿಗ್ಗೆ ವಿಮಾನ ಹತ್ತಬೇಡಿ. ನೀರಿನ ಒತ್ತಡದಲ್ಲಿ ಉಸಿರಾಡುವಾಗ ನೈಟ್ರೋಜನ್ ಮೈಯಲ್ಲಿ ಕರಗಿ ಸೇರಿಕೊಳ್ಳುತ್ತದೆ. ಅದು ನಿಧಾನಕ್ಕೆ ಹೊರಹೋಗಬೇಕು. ಅಷ್ಟರೊಳಗೆ ಮೇಲಕ್ಕೆ ಹಾರಿದರೆ ಗುಳ್ಳೆಗಟ್ಟುತ್ತದೆ. ಒಂದೇ ಡೈವ್ ಮಾಡಿದ್ದರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಜಾಸ್ತಿ ಮಾಡಿದ್ದರೆ ಕನಿಷ್ಠ 18 ಗಂಟೆ ಕಾಯಬೇಕು ಅನ್ನುತ್ತಾರೆ ಡೈವಿಂಗ್ ತಜ್ಞರು. ನಾನು ಯಾರಿಗೇ ಆದರೂ ಒಂದು ಪೂರ್ತಿ ದಿನ ಬಿಡಿ ಅನ್ನುತ್ತೇನೆ. 4,207 ಮೀಟರ್ ಎತ್ತರದ ಮೌನಾ ಕೆಯಾ ಹತ್ತುವವರಿಗೂ ಇದೇ ಮಾತು. ಕಾರಲ್ಲಿ ಹೋದರೂ ಅಷ್ಟೇ, ಹಾರಿದ್ದಕ್ಕೆ ಸಮ. ಹಾಗಾಗಿ ಡೈವ್ ಅನ್ನು ಕೋನಾ ಸೇರಿದ ಮೊದಲ ರಾತ್ರಿಗೆ ತನ್ನಿ. ಸಮುದ್ರ ಚೆನ್ನಾಗಿಲ್ಲ ಅಂತ ರದ್ದಾದರೆ ಇನ್ನೊಂದು ರಾತ್ರಿಯೂ ಕೈಯಲ್ಲಿರುತ್ತದೆ. ಸ್ನಾರ್ಕೆಲ್ ಹಾಕಿಕೊಂಡು ನೀರಿನ ಮೇಲೆ ತೇಲುತ್ತಾ ನೋಡುವವರಿಗೆ ಈ ತೊಂದರೆ ಇಲ್ಲ.

ಇನ್ನು ಹಂಚಿಕೆ. ಈ ನಾಲ್ಕು ದ್ವೀಪಗಳ ನಡುವೆ ಜನರನ್ನು ಒಯ್ಯುವ ಫೆರಿ ಇಲ್ಲ, ಪ್ರತಿ ಸಲವೂ ವಿಮಾನವೇ. ಹಾರಾಟ ಮುಕ್ಕಾಲು ಗಂಟೆ ಇದ್ದರೂ ಬಾಡಿಗೆ ಕಾರು ಒಪ್ಪಿಸಿ, ತಪಾಸಣೆ ಮುಗಿಸಿ, ಆ ಕಡೆ ಮತ್ತೆ ಕಾರು ತೆಗೆದುಕೊಳ್ಳುವಷ್ಟರಲ್ಲಿ ಅರ್ಧ ದಿನ ಹೋಗಿರುತ್ತದೆ. ಅದಕ್ಕಿಂತ ಮುಖ್ಯ, ಬಿಗ್ ಐಲ್ಯಾಂಡ್ ಅನ್ನು ಒಂದು ಜಾಗ ಅಂತ ಲೆಕ್ಕ ಹಾಕಬೇಡಿ. ಉಳಿದ ಹವಾಯಿ ದ್ವೀಪಗಳನ್ನೆಲ್ಲ ಕೂಡಿಸಿದರೂ ಅದಕ್ಕಿಂತ ಚಿಕ್ಕವು. ಪಶ್ಚಿಮದ ಕೋನಾ ಒಣ ಬಿಸಿಲಿನ ಊರು, ಪೂರ್ವದ ಹೀಲೊ ಮಳೆ ಹಸಿರಿನ ಊರು. ಕೋನಾದಲ್ಲಿ ಉಳಿದು ಜ್ವಾಲಾಮುಖಿ ಉದ್ಯಾನ ನೋಡಿ ಬರುತ್ತೇವೆ ಅಂದರೆ ಹೋಗುವುದಕ್ಕೇ ಎರಡು ಗಂಟೆಗೂ ಮೇಲೆ, ಬರುವುದಕ್ಕೆ ಮತ್ತಷ್ಟು. ಕುಳಿಯಲ್ಲಿ ಲಾವಾ ಇದ್ದರೆ ಅದರ ಕೆಂಪು ಬೆಳಕು ಚೆನ್ನಾಗಿ ಕಾಣುವುದು ಕತ್ತಲಾದ ಮೇಲೆ. ಅಷ್ಟು ಹೊತ್ತಿನಲ್ಲಿ ಯಾರು ಡ್ರೈವ್ ಮಾಡಿಕೊಂಡು ವಾಪಸ್ ಬರುತ್ತೀರಿ?

ಕವಾಯಿ 4, ಹೀಲೊ ಕಡೆ 2, ಕೋನಾ 3. ಹೀಲೊದಲ್ಲಿ ಇಳಿದು ಕೋನಾದಿಂದ ಹೊರಡಿ, ಎರಡೂ ಕಡೆ ವಿಮಾನ ನಿಲ್ದಾಣ ಇದೆ. ಒವಾಹು ಮತ್ತು ಮಾವಿ ಇನ್ನೊಂದು ಸಲಕ್ಕಿರಲಿ. ಇದನ್ನು ಓದಿ ನಿಮಗೆ ಬೇಜಾರಾಗುತ್ತದೆ ಅಂತ ಗೊತ್ತು. ಆದರೆ ಕವಾಯಿಯ ನಾಪಾಲಿ ಕಡಲಂಚಿನ ಬಂಡೆಗಳನ್ನು ಮೋಡ ಮುಚ್ಚಿದ ದಿನ, ನಾಳೆ ಮತ್ತೆ ಬರೋಣ ಅನ್ನಲು ನಿಮಗೆ ಒಂದು ನಾಳೆ ಇರಬೇಕು.

ಪ್ರಶ್ನೆ: ನವೆಂಬರ್‌ನಲ್ಲಿ ಥಾಯ್ಲೆಂಡ್‌ಗೆ 8 ರಾತ್ರಿ. ಅರ್ಧ ಕೊ ಸಮುಯಿ, ಅರ್ಧ ಫುಕೆಟ್ ಮಾಡಿದರೆ ಎರಡೂ ಕಡೆಯ ಸಮುದ್ರ ನೋಡಿದಂತಾಗುತ್ತದೆ ಅಲ್ಲವೇ?

ಉತ್ತರ: ಬೇಡ. ಎರಡು ಕಡೆಯ ಮಳೆಗಾಲ ಬೇರೆ ಬೇರೆ. ಫುಕೆಟ್, ಕ್ರಾಬಿ ಇರುವ ಅಂಡಮಾನ್ ಸಮುದ್ರದ ಕಡೆ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಳೆ. ಸಮುಯಿ ಇರುವ ಕೊಲ್ಲಿಯ ಕಡೆ ಜೋರು ಮಳೆ ಬರುವುದೇ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ನವೆಂಬರ್‌ನಲ್ಲಿ ಅಂತೂ ತುಂಬಾ. ಎಂಟೂ ರಾತ್ರಿ ಫುಕೆಟ್ ಕಡೆಯೇ ಇರಿ. ಫುಕೆಟ್ 3, ಕೊ ಲಾಂಟಾ 5 ಮಾಡಿ. ನಡುವೆ ಬರುವ ಫಿ ಫಿ ದ್ವೀಪವನ್ನು ಲಾಂಟಾದಿಂದ ಹಗಲಲ್ಲಿ ನೋಡಿ ಬನ್ನಿ. ಇದೇ ಪ್ರವಾಸ ಜುಲೈನಲ್ಲಿದ್ದರೆ ಸಮುಯಿ ಕಡೆ ಕಳಿಸುತ್ತಿದ್ದೆ.

ಪ್ರಶ್ನೆ: ನನ್ನ ತಾಯಿಗೆ 70 ದಾಟಿದೆ, ಪದೇ ಪದೇ ಹೋಟೆಲ್ ಬದಲಿಸಲು ಆಗುವುದಿಲ್ಲ. ಕ್ರೊವೇಶಿಯಾದಲ್ಲಿ ಒಂದೇ ಕಡೆ ಉಳಿದು ದಿನಕ್ಕೊಂದು ದ್ವೀಪ ನೋಡಬಹುದೇ? 6 ರಾತ್ರಿ ಇದೆ.

ಉತ್ತರ: ಖಂಡಿತ ಆಗುತ್ತದೆ. ಸ್ಪ್ಲಿಟ್ ಊರು ಅದಕ್ಕೆಂದೇ ಇದ್ದಂತಿದೆ. ಹಳೇ ಊರಿನ ಪಕ್ಕದಲ್ಲೇ ಬಂದರು. ರೋಮನ್ ಚಕ್ರವರ್ತಿ ಡಯೊಕ್ಲೀಷನ್‌ನ ಅರಮನೆಯ ಗೋಡೆಗಳ ನಡುವೆಯೇ ಆ ಹಳೇ ಊರು ಬೆಳೆದಿದೆ. ಬ್ರಾಚ್ ದ್ವೀಪದ ಸುಪೆಟಾರ್‌ಗೆ ದೊಡ್ಡ ಫೆರಿಯಲ್ಲಿ 50 ನಿಮಿಷ, ದಿನಕ್ಕೆ ಎಷ್ಟೋ ಸಲ ಓಡಾಡುತ್ತದೆ. ಹ್ವಾರ್ ಪಟ್ಟಣಕ್ಕೆ ಕ್ಯಾಟಮರಾನ್‌ನಲ್ಲಿ ಸುಮಾರು ಒಂದು ಗಂಟೆ. ಆದರೆ ವಿಸ್ ದ್ವೀಪಕ್ಕೆ ಫೆರಿಯಲ್ಲಿ ಎರಡು ಗಂಟೆಗೂ ಜಾಸ್ತಿ. ಒಂದೇ ದಿನದಲ್ಲಿ ಹೋಗಿ ಬಂದರೆ ಅಮ್ಮನಿಗೆ ಹಡಗೇ ಹಡಗು. ಯುಗೊಸ್ಲಾವ್ ಸೇನೆಯ ನೆಲೆಯಾಗಿದ್ದು 1989ರವರೆಗೆ ವಿದೇಶಿಯರಿಗೆ ಮುಚ್ಚಿದ್ದ ದ್ವೀಪ ಅದು. ಹಾಗಾಗಿ ಅಲ್ಲಿನ ಮೌನ ಬೇರೆಯೇ. ಆದರೂ ಈ ಸಲ ಬಿಡಿ ಎಂದೇ ಹೇಳುತ್ತೇನೆ.

6 ರಾತ್ರಿ, ಒಂದೇ ಜಾಗ ಅಂದರೆ ಐದು ಪೂರ್ತಿ ದಿನ. ಎರಡು ದಿನ ದ್ವೀಪಕ್ಕೆ ಹೋಗಿ, ಎರಡು ದಿನ ಸ್ಪ್ಲಿಟ್‌ನಲ್ಲೇ ಇರಿ, ಒಂದನ್ನು ಖಾಲಿ ಬಿಡಿ. ದ್ವೀಪದ ದಿನಗಳನ್ನು ಬೆನ್ನು ಬೆನ್ನಿಗೆ ಇಡಬೇಡಿ, ಅಮ್ಮನಿಗೆ ನಡುವೆ ವಿಶ್ರಾಂತಿ ಸಿಗಲಿ. ರೂಮು ಹುಡುಕುವಾಗ ಅರಮನೆಯ ಒಳಗಿನ ಮೇಲ್ಮಹಡಿ ಬೇಡ, ಅಲ್ಲಿ ಕಲ್ಲಿನ ಕಡಿದಾದ ಮೆಟ್ಟಿಲುಗಳು ಜಾಸ್ತಿ. ಬಂದರಿಗೆ ಹತ್ತು ನಿಮಿಷದಲ್ಲಿ ನಡೆದು ಹೋಗುವಂಥ ನೆಲಮಹಡಿ ನೋಡಿ. ಹ್ವಾರ್‌ಗೆ ಹೋಗುವ ದಿನ ವಾಪಸ್ ಕ್ಯಾಟಮರಾನ್ ಟಿಕೆಟ್ಟನ್ನು ಮೊದಲೇ ತೆಗೆದಿಡಿ, ಬೇಸಿಗೆಯಲ್ಲಿ ಬೇಗ ಮುಗಿಯುತ್ತವೆ. ಕೊನೆಯದಕ್ಕೆ ಬೇಡ, ಅದರ ಹಿಂದಿನದಕ್ಕೆ ತೆಗೆದುಕೊಳ್ಳಿ.