ಸಾವನದುರ್ಗ ಹತ್ತಿದವರಿಗೆ ಡಾರ್ಟ್‌ಮೂರ್ ಕಷ್ಟವಾ?

ಬೆಂಗಳೂರಿನಿಂದ ಇಂಗ್ಲೆಂಡಿಗೆ ಹೊರಟಿದ್ದೀರಿ, ಸಾವನದುರ್ಗ ಹತ್ತಿದ ಅಭ್ಯಾಸ ಅಲ್ಲಿನ ನೈಋತ್ಯ ಭಾಗದ ಡಾರ್ಟ್‌ಮೂರ್ ಅನ್ನೋ ಗುಡ್ಡಗಾಡು ಬಯಲಿನಲ್ಲಿ ನಡೆಯೋಕೆ ಸಾಕಾ ಅಂತ ಕೇಳಿದ್ದೀರಿ.

ಏರೋದಕ್ಕೆ ಧಾರಾಳ ಸಾಕು. ಅಲ್ಲಿನ ಅತಿ ಎತ್ತರದ ಜಾಗವೇ 621 ಮೀಟರ್. ನಮ್ಮ ಬೆಂಗಳೂರೇ ಅದಕ್ಕಿಂತ ಎತ್ತರದಲ್ಲಿದೆ, ಅಲ್ವಾ! ಬಂಡೆಯೂ ಅದೇ ಗ್ರಾನೈಟ್.

ತೊಂದರೆ ಇರುವುದು ಕಾಲ ಕೆಳಗೆ. ಮಳೆ, ಚಳಿ ಜಾಸ್ತಿ. ಹಾಗಾಗಿ ಸತ್ತ ಹುಲ್ಲು, ಪಾಚಿ ಪೂರ್ತಿ ಕೊಳೆಯದೆ ಕಪ್ಪು ಸ್ಪಂಜಿನ ಹಾಗೆ ನೀರು ಕುಡಿದು ಕೂತಿರುತ್ತದೆ. ಎಳೆ ಹಸಿರಾಗಿ, ನುಣ್ಣಗೆ ಕಾಣುವ ಕಡೆ ಕಾಲಿಡಬೇಡಿ, ಮಂಡಿವರೆಗೂ ಹೂತುಹೋಗಬಹುದು. ಮಂಜು ದಿಢೀರನೆ ಕವಿಯುತ್ತದೆ. ಮೊಬೈಲ್ ಒಂದನ್ನೇ ನಂಬದೆ ಕಾಗದದ ಮ್ಯಾಪ್, ದಿಕ್ಸೂಚಿ ಇಟ್ಟುಕೊಳ್ಳಿ. ಉತ್ತರ ಭಾಗದಲ್ಲಿ ಕೆಂಪು ಬಾವುಟ ಕಂಡರೆ ಸೇನೆಯ ಗುಂಡಿನ ಅಭ್ಯಾಸ ಇದೆ ಅಂತ, ಸುಮ್ನೆ ವಾಪಸ್ ಬನ್ನಿ.

ಸಮುದ್ರವೂ ಬೇಕಾದರೆ ಅದರ ಉತ್ತರಕ್ಕೆ, ಕಡಲ ತೀರದಲ್ಲಿರುವ ಇಂಥದ್ದೇ ಗುಡ್ಡಗಾಡು ಬಯಲು ಎಕ್ಸ್‌ಮೂರ್ ಕಡೆ ಹೋಗಿ. ಪಕ್ಕದ ಮೈನ್‌ಹೆಡ್‌ನಿಂದ 630 ಮೈಲಿಯ ಕರಾವಳಿ ಕಾಲುದಾರಿ ಶುರುವಾಗುತ್ತದೆ.