ಓದುಗರ ಪ್ರಶ್ನೆ: ಅಜ್ಜನ ಕಾಲದ ಕೊಟ್ಟಿಗೆ ಮನೆಯಾದೀತೇ?

ಪ್ರಶ್ನೆ: ಮೂಡಿಗೆರೆ ಸಮೀಪದ ನಮ್ಮ ತೋಟದಲ್ಲಿ ಮಣ್ಣಿನ ಗೋಡೆಯ ಹಳೆಯ ದನದ ಕೊಟ್ಟಿಗೆಯಿದೆ. ಕೆಡವದೆ ಅದನ್ನು ವಾಸದ ಮನೆಯಾಗಿಸಬಹುದೇ? ಗೋಡೆಗೆ ಸಿಮೆಂಟ್ ಗಾರೆ ಮಾಡಿಸಿದರೆ ಭದ್ರವೆಂದು ಮೇಸ್ತ್ರಿ ಹೇಳುತ್ತಾರೆ.

ಉತ್ತರ: ಗೋಡೆಗಳು ವಾಲದೆ ನಿಂತಿದ್ದರೆ ಖಂಡಿತ ಸಾಧ್ಯ, ಆದರೆ ಮೇಸ್ತ್ರಿಯವರ ಈ ಸಲಹೆಯನ್ನು ದಯವಿಟ್ಟು ಒಪ್ಪಬೇಡಿ. ಮಣ್ಣಿನ ಗೋಡೆ ಮಳೆಗಾಲದಲ್ಲಿ ಹೀರಿದ ತೇವವನ್ನು ಬೇಸಿಗೆಯಲ್ಲಿ ಹೊರಬಿಡುತ್ತದೆ. ಸಿಮೆಂಟ್ ಆ ದಾರಿಯನ್ನು ಮುಚ್ಚುವುದರಿಂದ ತೇವ ಒಳಗೇ ನಿಂತು, ಕ್ರಮೇಣ ಗಾರೆ ಹಪ್ಪಳದಂತೆ ಎದ್ದು, ಹಿಂದಿನ ಮಣ್ಣೂ ಸಡಿಲಗೊಳ್ಳುತ್ತದೆ. ಇಲ್ಲಿ ಸುಣ್ಣದ ಗಾರೆಯೇ ತಕ್ಕದ್ದು. ಕೊಟ್ಟಿಗೆಗೆ ಇನ್ನೊಂದು ವಿಶೇಷ ತೊಡಕಿದೆ: ದಶಕಗಳ ಕಾಲ ಗಂಜಲ ಹೀರಿದ ನೆಲದಲ್ಲೂ ಗೋಡೆಯ ಬುಡದಲ್ಲೂ ಸೇರಿಕೊಂಡ ಲವಣಗಳು ಹೊಸ ಗಾರೆಯ ಮೇಲೂ ಬಿಳಿ ಪುಡಿಯಾಗಿ ಹೊಮ್ಮುತ್ತವೆ. ಆದ್ದರಿಂದ ಪಾಯ ಕದಲದಂತೆ ಎಚ್ಚರ ವಹಿಸಿ ಹಳೆಯ ನೆಲದ ಮಣ್ಣನ್ನು ತೆಗೆಸಿ (ತೋಟಕ್ಕೆ ಅದು ಒಳ್ಳೆಯ ಗೊಬ್ಬರ), ಜಲ್ಲಿ ಹಾಸಿದ ನಂತರವೇ ಹೊಸ ನೆಲ ಮಾಡಿಸಿ. ಗೆದ್ದಲು ತಿಂದ ತೊಲೆ, ರೀಪುಗಳನ್ನಷ್ಟೇ ಬದಲಿಸಿ, ಗಟ್ಟಿಯಿರುವ ಹೆಂಚುಗಳನ್ನು ತೊಳೆದು ಮತ್ತೆ ಹೊದಿಸಬಹುದು. 100 ಚದರ ಮೀಟರ್ ಮಾಡಿನ ಮೇಲೆ 2,000 ಮಿ.ಮೀ. ಮಳೆ ಬಿದ್ದರೆ ಸುಮಾರು 2 ಲಕ್ಷ ಲೀಟರ್ ನೀರಾಗುತ್ತದೆ. ಅದನ್ನು ದಂಬೆಯ ಮೂಲಕ ತೊಟ್ಟಿಗೆ ತಿರುಗಿಸಿ, ಗೋಡೆಯ ಬುಡಕ್ಕೆ ಮಾತ್ರ ಬೀಳಗೊಡಬೇಡಿ.