ಒಂದೇ ಐಡಿ ಹಲವು ಪೆಟ್ಟಿಗೆಗಳಿಗೆ ಸಲ್ಲುವುದೇ?

ಪ್ರಶ್ನೆ: ನನ್ನ ವೆಬ್ ಪುಟದ ಆರು ಸೂಚನಾ ಪೆಟ್ಟಿಗೆಗಳಿಗೂ ‘ಸೂಚನೆ’ ಎಂಬ ಒಂದೇ ಐಡಿ ಕೊಟ್ಟಿದ್ದೇನೆ. ಬಣ್ಣ ಎಲ್ಲಕ್ಕೂ ಸರಿಯಾಗಿ ಬರುತ್ತದೆ. ಆದರೆ ಜಾವಾಸ್ಕ್ರಿಪ್ಟ್ ಮೂಲಕ ಮರೆಮಾಡಲು ಹೋದರೆ ಮೊದಲನೆಯದು ಮಾತ್ರ ಮರೆಯಾಗುತ್ತದೆ. ಕ್ಲಾಸ್ ಬಳಸಬೇಕಿತ್ತೇ?

ಉತ್ತರ: ಹೌದು. ಐಡಿ ಎಂದರೆ ಪುಟದ ಒಂದೇ ಭಾಗವನ್ನು ಗುರುತಿಸುವ ಹೆಸರು; ಕ್ಲಾಸ್ ಎಂದರೆ ಹಲವು ಭಾಗಗಳು ಹಂಚಿಕೊಳ್ಳಬಹುದಾದ ಗುಂಪಿನ ಹೆಸರು. ಪುಟದ ರಚನೆಯನ್ನು ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನ ನಿಯಮದಂತೆ ಒಂದು ಐಡಿ ಒಂದು ಪುಟದಲ್ಲಿ ಒಮ್ಮೆ ಮಾತ್ರ ಬರಬೇಕು. ಅದನ್ನು ಮುರಿದರೂ ಬ್ರೌಸರ್ ದೂರುವುದಿಲ್ಲ, ಪುಟದ ಅಲಂಕಾರ ನೋಡಿಕೊಳ್ಳುವ ಸಿಎಸ್‌ಎಸ್ ಕೂಡ ಆರಕ್ಕೂ ಬಣ್ಣ ಹಚ್ಚಿಬಿಡುತ್ತದೆ. ನೀವು ಮೋಸಹೋದದ್ದು ಈ ಔದಾರ್ಯದಿಂದಲೇ. ಐಡಿ ಹಿಡಿದು ಹುಡುಕುವ ಜಾವಾಸ್ಕ್ರಿಪ್ಟ್ ಆಜ್ಞೆಯಾದ ‘ಗೆಟ್‌ಎಲಿಮೆಂಟ್‌ಬೈಐಡಿ’ ಮಾತ್ರ ಮೊದಲು ಸಿಕ್ಕ ಪೆಟ್ಟಿಗೆಯನ್ನು ಕೊಟ್ಟು ಸುಮ್ಮನಾಗುತ್ತದೆ.

ಕ್ಲಾಸ್ ಎಷ್ಟು ಪೆಟ್ಟಿಗೆಗಳಿಗಾದರೂ ಸಲ್ಲುತ್ತದೆ. ‘ಸೂಚನೆ ತುರ್ತು’ ಎಂದು ನಡುವೆ ಜಾಗ ಬಿಟ್ಟು ಬರೆದರೆ ಒಂದೇ ಪೆಟ್ಟಿಗೆಗೆ ಎರಡು ಕ್ಲಾಸುಗಳು ಸಿಗುತ್ತವೆ. ಇನ್ನೂ ಮುಖ್ಯವಾದದ್ದು ತೂಕದ ವಿಚಾರ, ಅಂದರೆ ಎರಡು ಅಲಂಕಾರ ನಿಯಮಗಳು ಡಿಕ್ಕಿಯಾದಾಗ ಯಾವುದು ಗೆಲ್ಲುತ್ತದೆ ಎಂಬುದು. ಸಿಎಸ್‌ಎಸ್ ಲೆಕ್ಕದಲ್ಲಿ ಐಡಿಯ ತೂಕ 1-0-0, ಕ್ಲಾಸಿನದು 0-1-0. ಈ ಸ್ಥಾನಗಳಲ್ಲಿ ದಶಕ ಕೂಡಿಸುವ ಪದ್ಧತಿ ಇಲ್ಲವಾದ್ದರಿಂದ, ಹತ್ತು ಕ್ಲಾಸುಗಳನ್ನು ಪೋಣಿಸಿದರೂ ಒಂದು ಐಡಿಯ ಸಾಮಾನ್ಯ ನಿಯಮವನ್ನು ಮೀರಿಸಲಾಗದು. ಹೀಗಾಗಿ ಐಡಿಯಿಂದ ಬಣ್ಣ ಪಡೆದ ಪೆಟ್ಟಿಗೆಯನ್ನು ಮುಂದೆ ನೀವು ‘ತುರ್ತು’ ಕ್ಲಾಸಿನ ಮೂಲಕ ಕೆಂಪಾಗಿಸಲು ಹೋಗಿದ್ದರೆ ಅದೂ ಸೋಲುತ್ತಿತ್ತು. ಅಲಂಕಾರಕ್ಕೆ ಐಡಿಯನ್ನು ಮುಟ್ಟದಿರುವುದೇ ಲೇಸೆಂಬುದು ನನ್ನ ಅಭಿಪ್ರಾಯ.

ಹಾಗೆಂದು ಐಡಿಯನ್ನು ಕಿತ್ತೊಗೆಯಬೇಡಿ. ಪುಟದ ನಿರ್ದಿಷ್ಟ ಭಾಗಕ್ಕೆ ನೇರವಾಗಿ ಒಯ್ಯುವ ಕೊಂಡಿಗೂ, ಅರ್ಜಿಯ ಖಾನೆಯ ಹೆಸರು ತೋರಿಸುವ ಲೇಬಲನ್ನು ಅದರ ‘ಫಾರ್’ ಗುಣಲಕ್ಷಣದ ಮೂಲಕ ಆ ಖಾನೆಗೆ ಜೋಡಿಸುವುದಕ್ಕೂ ಐಡಿ ಬೇಕೇಬೇಕು.